ಕಬ್ಬಿಣದ ಡ್ರಿಪ್: ಸೂಜಿ ಚುಚ್ಚುವ ಮೊದಲು, ಚುಚ್ಚಿದ ಮೇಲೆ

ಡಾಕ್ಟರು ‘ಐರನ್ ಡ್ರಿಪ್ ಹಾಕಿಸೋಣ’ ಅಂದ ಕೂಡಲೇ ಮನೆಯವರಿಗೆ ಕೇಳಿಸುವುದು ‘ರಕ್ತ ಹಾಕಿಸಬೇಕಂತೆ’ ಎಂದು. ಅದು ರಕ್ತ ಅಲ್ಲ. ಸಕ್ಕರೆ ಜಾತಿಯ ಪದಾರ್ಥದೊಳಗೆ ಸುತ್ತಿಟ್ಟ ಕಬ್ಬಿಣ. ಗಾಢ ಕಂದು ಬಣ್ಣದ ಈ ಔಷಧವನ್ನು ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ನರಕ್ಕೆ ಬಿಡುತ್ತಾರೆ. ಆ ಹೊದಿಕೆ ಸುಮ್ನೆ ಇರುವುದಲ್ಲ. ಬರೀ ಕಬ್ಬಿಣ ನೇರವಾಗಿ ರಕ್ತಕ್ಕೆ ಬಿದ್ದರೆ ವಿಷವಾಗುತ್ತದೆ.

ನಿಜವಾಗಿಯೂ ಬೇಕಾ?

ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕಬ್ಬಿಣದ ಕೊರತೆಗೆ ಸಾಮಾನ್ಯವಾಗಿ ಮೊದಲ ಸರದಿ ಮಾತ್ರೆಯದು. ಮಾತ್ರೆಯಿಂದ ಹೊಟ್ಟೆನೋವು, ಮಲಬದ್ಧತೆ ಬರುತ್ತದೆ ಅಂತ ಅರ್ಧಕ್ಕೇ ಬಿಟ್ಟವರು ಬಹಳ. ಅಂಥವರು ಒಮ್ಮೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಲಿ. ಇದಕ್ಕೆ ಕಾರಣವಿದೆ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಕರುಳಿನ ಬಾಗಿಲಲ್ಲಿ ಕಬ್ಬಿಣವನ್ನು ಒಳಗೆ ಬಿಡುವ, ತಡೆಯುವ ಕಾವಲುಗಾರ ಅದು. ಒಂದು ಮಾತ್ರೆ ನುಂಗಿದರೆ ಹೆಚ್ಚುಕಡಿಮೆ ಒಂದು ದಿನ ಹೆಪ್ಸಿಡಿನ್ ಏರಿರುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ನುಂಗಿದರೆ ಒಳಗೆ ಹೋಗುವುದು ಕಡಿಮೆ, ಹೊಟ್ಟೆ ಕೆಡುವುದು ಜಾಸ್ತಿ.

ಕೆಲವರಲ್ಲಿ ಈ ಬಾಗಿಲು ಸದಾ ಮುಚ್ಚಿಯೇ ಇರುತ್ತದೆ. ಕರುಳಿನ ಉರಿಯೂತ, ಮೂತ್ರಪಿಂಡದ ಹಳೆಯ ಕಾಯಿಲೆ, ಹೃದಯ ದುರ್ಬಲವಾಗಿರುವುದು, ಇವೆಲ್ಲ ಹಾಗೆ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರ ಮೈಗೂ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರಿಗೆ ಮಾತ್ರೆಯ ವೇಗ ಸಾಲದು. ಹೆರಿಗೆ ಹತ್ತಿರವಾದಾಗ ತೀರಾ ಕಡಿಮೆ ಇದ್ದರೆ ಕಾಯುವುದಕ್ಕೆ ಸಮಯವೂ ಇರುವುದಿಲ್ಲ. ಡ್ರಿಪ್ ಇಂಥವರಿಗೆ.

ರಿಪೋರ್ಟ್ ನೋಡುವುದು

ಹಿಮೋಗ್ಲೋಬಿನ್ ಒಂದನ್ನೇ ನೋಡಿ ಡ್ರಿಪ್ ಹಾಕಿಸಬೇಡಿ. ಫೆರಿಟಿನ್ ಪರೀಕ್ಷೆಯೂ ಬೇಕು. ಹಿಮೋಗ್ಲೋಬಿನ್ ಅಂಗಡಿಯ ಮುಂದೆ ಜೋಡಿಸಿಟ್ಟ ಸರಕಾದರೆ, ಫೆರಿಟಿನ್ ಹಿಂದಿನ ಗೋದಾಮಿನ ಲೆಕ್ಕ. ಮೊದಲು ಖಾಲಿಯಾಗುವುದು ಗೋದಾಮು. ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ ಎಂದೇ ಲೆಕ್ಕ. ಆದರೆ ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಫೆರಿಟಿನ್ ಸುಳ್ಳು ಹೇಳುತ್ತದೆ, ಕೊರತೆ ಇದ್ದರೂ ಏರಿ ಕೂರುತ್ತದೆ. ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂದು ನೋಡುತ್ತಾರೆ. ಅದು ಶೇ 20ಕ್ಕಿಂತ ಕಡಿಮೆ ಇದ್ದರೆ ಕೊರತೆಯ ಅನುಮಾನ ಗಟ್ಟಿಯಾಗುತ್ತದೆ. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕೆ ಗೊತ್ತಿಲ್ಲ. ಅದಕ್ಕೇ ಈ ಪರೀಕ್ಷೆಗಳು.

ಎಷ್ಟು, ಎಷ್ಟು ಸಲ?

ಹಳೆಯದೊಂದು ಸೂತ್ರವಿದೆ. ಗುರಿಯ ಹಿಮೋಗ್ಲೋಬಿನ್‌ನಿಂದ ಈಗಿನದನ್ನು ಕಳೆಯಿರಿ. ಅದನ್ನು ತೂಕದಿಂದ, ಆಮೇಲೆ 2.4ರಿಂದ ಗುಣಿಸಿ. ಗೋದಾಮು ತುಂಬಲು 500 ಸೇರಿಸಿ. 50 ಕಿಲೋ ತೂಕ, ಹಿಮೋಗ್ಲೋಬಿನ್ 8, ಗುರಿ 15 ಅಂದುಕೊಳ್ಳಿ: 7 × 50 × 2.4 = 840, ಜೊತೆಗೆ 500, ಒಟ್ಟು 1,340 ಮಿಲಿಗ್ರಾಂ.

ಡ್ರಿಪ್ಪಿನ ಔಷಧಗಳಲ್ಲಿ ಬಗೆಗಳಿವೆ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ. ಅಂದರೆ ಏಳು ಸಲ ಓಡಾಟ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1,000 ಮಿಲಿಗ್ರಾಂವರೆಗೆ ಹಾಕಬಹುದು, ಕನಿಷ್ಠ 15 ನಿಮಿಷ ಹಿಡಿಯುತ್ತದೆ. ಉಳಿದದ್ದನ್ನು ವಾರದ ನಂತರ ಕೊಡುತ್ತಾರೆ. ಯಾವುದನ್ನು ಹಾಕುತ್ತಾರೆ ಎಂದು ಮೊದಲೇ ಕೇಳಿಕೊಂಡರೆ ರಜೆ ಹಾಕುವುದಕ್ಕಾದರೂ ಅನುಕೂಲ.

ಆ ದಿನ

ಖಾಲಿ ಹೊಟ್ಟೆಯಲ್ಲಿ ಹೋಗುವ ಅಗತ್ಯವಿಲ್ಲ. ಊಟ ಮಾಡಿ, ನೀರು ಕುಡಿದು, ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ಜ್ವರ ಅಥವಾ ಸೋಂಕು ಇದ್ದರೆ ಮುಚ್ಚಿಡದೆ ಹೇಳಿ, ಮುಂದೂಡುತ್ತಾರೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಅಸ್ತಮಾ, ಹಿಂದೆ ಯಾವುದಾದರೂ ಔಷಧಕ್ಕೆ ಆಗಿದ್ದ ಅಲರ್ಜಿ, ಇವನ್ನೂ ಹೇಳಲೇಬೇಕು.

ಇನ್ನು ಸೂಜಿಯ ವಿಷಯ. ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಅನ್ನುವುದು ನನ್ನ ದೂರು. ಔಷಧ ನರದಿಂದ ಆಚೆ ಸೋರಿದರೆ ಚರ್ಮದ ಕೆಳಗೆ ಕಂದು ಕಲೆ ಕೂರುತ್ತದೆ. ತಿಂಗಳುಗಟ್ಟಲೆ ಹೋಗುವುದಿಲ್ಲ, ಕೆಲವರಿಗೆ ಹೋಗುವುದೇ ಇಲ್ಲ. ಹಾಗಾಗಿ ಮೊದಲು ಬರೀ ಸಲೈನ್ ಬಿಟ್ಟು ಸೂಜಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಡ್ರಿಪ್ ಓಡುವಾಗ ಆ ಕೈಯನ್ನು ಮಡಚಬೇಡಿ, ಆ ಕೈಯಲ್ಲಿ ಮೊಬೈಲ್ ಹಿಡಿಯಬೇಡಿ. ಉರಿ, ನೋವು, ಊತ ಕಂಡರೆ ತಕ್ಷಣ ನರ್ಸನ್ನು ಕೂಗಿ. ‘ಸ್ವಲ್ಪ ಉರಿ, ತಡೆದುಕೊಳ್ಳೋಣ’ ಅನ್ನುವ ಒಳ್ಳೆಯತನ ಇಲ್ಲಿ ಬೇಡ.

ಕೆಲವರಿಗೆ ಡ್ರಿಪ್ ಶುರುವಾದ ಕೆಲವೇ ನಿಮಿಷಕ್ಕೆ ಮುಖ ಕೆಂಪಾಗಿ, ಎದೆ ಬಿಗಿದು, ಬೆನ್ನು ನೋಯುತ್ತದೆ. ಹೆದರಿಕೆ ಆಗುವುದು ಸಹಜವೇ. ಬಿಪಿ ಇಳಿಯದೆ, ಉಬ್ಬಸ ಇಲ್ಲದೆ ಇಷ್ಟೇ ಆದರೆ ಅದು ಹೆಚ್ಚಾಗಿ ಅಲರ್ಜಿಯಲ್ಲ. ಡ್ರಿಪ್ ನಿಲ್ಲಿಸಿದರೆ ತಾನಾಗಿಯೇ ಇಳಿಯುತ್ತದೆ, ಆಮೇಲೆ ನಿಧಾನಗತಿಯಲ್ಲಿ ಮತ್ತೆ ಶುರು ಮಾಡಬಹುದು. ಗಂಟಲು ಊದುವುದು, ಉಸಿರು ಸಿಕ್ಕಿಕೊಳ್ಳುವುದು, ಬಿಪಿ ಕುಸಿಯುವುದು ಬೇರೆ ಮಾತು. ಅಪರೂಪ, ಆದರೆ ಜೀವಕ್ಕೇ ಅಪಾಯ. ಡ್ರಿಪ್ಪನ್ನು ಮನೆಯಲ್ಲಿ ಹಾಕಿಸಿಕೊಳ್ಳದೆ ತುರ್ತು ಚಿಕಿತ್ಸೆಯ ಸೌಲಭ್ಯ ಇರುವಲ್ಲಿ ಮಾತ್ರ ಹಾಕಿಸಬೇಕು ಅನ್ನುವುದು ಇದಕ್ಕೇ. ಮುಗಿದ ಮೇಲೂ 30 ನಿಮಿಷ ಅಲ್ಲೇ ಕೂತಿರಿ.

ಮನೆಗೆ ಬಂದ ಮೇಲೆ

ಒಂದೆರಡು ದಿನ ಮೈಕೈ ನೋವು, ತಲೆನೋವು, ಸಣ್ಣ ಜ್ವರ ಬರಬಹುದು. ಸುಸ್ತು ಮರುದಿನವೇ ಹೋಗಲಿಲ್ಲ ಅಂತ ಬೇಜಾರಾಗಬೇಡಿ. ಹೊಸ ರಕ್ತಕಣ ತಯಾರಾಗಲು ವಾರವಾದರೂ ಬೇಕು. ಹಿಮೋಗ್ಲೋಬಿನ್ ಚೆನ್ನಾಗಿ ಏರುವುದು ಎರಡರಿಂದ ನಾಲ್ಕು ವಾರದಲ್ಲಿ. ಕಬ್ಬಿಣದ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಿ, ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ಸುಸ್ತು ಕಡಿಮೆಯಾಗುವ ಬದಲು ಜಾಸ್ತಿಯಾಗಿ, ಮೂಳೆ, ಸ್ನಾಯು ನೋಯತೊಡಗಿದರೆ ಮೂಳೆ, ಸ್ನಾಯುಗಳಿಗೆ ಬೇಕಾದ ಫಾಸ್ಫೇಟ್ ಎಂಬ ಲವಣದ ಪರೀಕ್ಷೆ ಮಾಡಿಸಿ. ಕಾರ್ಬಾಕ್ಸಿಮಾಲ್ಟೋಸ್ ಹಾಕಿಸಿಕೊಂಡವರಲ್ಲಿ ಫಾಸ್ಫೇಟ್ ಮೂತ್ರದಲ್ಲಿ ಹೊರಹೋಗಿ ಇಳಿಯುವುದುಂಟು. ಮತ್ತೆ ಮತ್ತೆ ಹಾಕಿಸಿಕೊಂಡರೆ ಮೂಳೆಯೇ ಮೆತ್ತಗಾಗಬಹುದು. ಸುಸ್ತಿಗೆ ಸುಸ್ತು ಸೇರಿದಾಗ ‘ಇನ್ನೊಂದು ಡ್ರಿಪ್ ಹಾಕಿಸೋಣ’ ಅನ್ನುವ ಯೋಚನೆ ಬರುತ್ತದಲ್ವಾ? ಎಡವುವುದು ಅಲ್ಲೇ.

ಫೆರಿಟಿನ್ ಪರೀಕ್ಷೆಗೆ ತಿಂಗಳಿಂದ ಎರಡು ತಿಂಗಳು ಬಿಡಿ. ಆತುರಪಟ್ಟು ವಾರಕ್ಕೇ ಮಾಡಿಸಿದರೆ ಅಂಕಿ ಆಕಾಶಕ್ಕೆ ಹೋಗಿರುತ್ತದೆ, ಅರ್ಥವಿರುವುದಿಲ್ಲ.

ಇಷ್ಟೆಲ್ಲ ಆದರೂ ಕಬ್ಬಿಣ ಹೋಗಿದ್ದೆಲ್ಲಿಗೆ ಎಂದು ಹುಡುಕದಿದ್ದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ತಿಂಗಳಿಗೆ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ. ಮುಟ್ಟಿನ ತೊಂದರೆಗೆ ಅದರದೇ ಚಿಕಿತ್ಸೆ ಬೇಕು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕೊರತೆ ಕಂಡರೆ ಹೊಟ್ಟೆ, ಕರುಳಿನ ತಪಾಸಣೆ ಮಾಡಿಸಲೇಬೇಕು. ಹುಣ್ಣೋ ಕ್ಯಾನ್ಸರೋ ಅಲ್ಲಿ ಸದ್ದಿಲ್ಲದೆ ರಕ್ತ ಸೋರಿಸುತ್ತಿರಬಹುದು.

ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವ ತಾರೀಕು ಎಂದು ಬರೆದ ಚೀಟಿ ಕೇಳಿ ಪಡೆದು, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.