ಅಂಕಿ ಕೂಗುವ ತನಕ ಕ್ಯಾಮೆರಾ ಇಳಿಸಬೇಡಿ

ಬಳ್ಳಾರಿಯಲ್ಲಿ ಅಥ್ಲೆಟಿಕ್ಸ್ ಕೂಟ ಇದ್ದರೆ ನಾನು ಕ್ಯಾಮೆರಾ ಹಿಡಿದು ಹೋಗಿ ಕೂರುವುದು ಲಾಂಗ್ ಜಂಪ್ ಪಿಟ್ ಹತ್ತಿರ. ಜಿಗಿತದ ಖುಷಿ ಒಂದೇ ಸಲಕ್ಕೆ ಬರುವುದಿಲ್ಲ. ಮರಳಿನಿಂದ ಎದ್ದವರು ಮೊದಲು ನೋಡುವುದು ತೀರ್ಪುಗಾರರ ಕೈಯನ್ನು. ಕೆಂಪು ಬಾವುಟ ಅಂದ್ರೆ ಫೌಲ್, ಬಿಳಿ ಅಂದ್ರೆ ಜಿಗಿತ ಲೆಕ್ಕಕ್ಕೆ ಬಂತು. ಆಮೇಲೆ ಕೋಚ್ ಕಡೆ ತಿರುಗುತ್ತಾರೆ, ಆಮೇಲೆ ಟೇಪ್ ಹಿಡಿದು ಅಳೆದು ಅಂಕಿ ಕೂಗುವ ತನಕ ಆ ಮುಖದಲ್ಲಿ ಆಸೆ, ಅನುಮಾನ ಎಲ್ಲ ಒಟ್ಟಿಗೇ ಓಡಾಡುತ್ತಿರುತ್ತದೆ. ಗಾಳಿಯಲ್ಲಿರುವ ಫೋಟೊ ನಾನೂ ತೆಗೆಯುತ್ತೇನೆ, ಆದರೆ ಅದರಲ್ಲಿ ಕಾಣುವುದು ಶ್ರಮ. ಖುಷಿ ಇನ್ನೂ ಬಂದಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲು ಹತ್ತಿರದ ವಿಜಯನಗರದಲ್ಲಿ, 2023ರ ಮಾರ್ಚ್ 2ರಂದು ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿದರು. ಹಳೇ ದಾಖಲೆ 8.36. ಆರು ಸೆಂಟಿಮೀಟರ್ ಮರಳಿನಲ್ಲಿ ಕಣ್ಣಿಗೆ ಗೊತ್ತಾಗುತ್ತಾ? ಅಂಕಿ ಬರಲೇಬೇಕು. ಜಾವೆಲಿನ್‌ನಲ್ಲಿ ಇದೇ ಉಲ್ಟಾ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಎಸೆದ ನೀರಜ್ ಚೋಪ್ರಾ, ಅದು ನೆಲಕ್ಕೆ ಬೀಳುವ ಮೊದಲೇ ತಿರುಗಿ ಕೈ ಎತ್ತಿದ್ದರು. ಅಂಥ ಹೊತ್ತಲ್ಲಿ ಜಾವೆಲಿನ್ ಹಿಂದೆ ಹೋದ ಕ್ಯಾಮೆರಾಗೆ ಏನು ಸಿಗುತ್ತದೆ ಹೇಳಿ.

ಅದಕ್ಕೇ ಸ್ಪರ್ಧೆಗೆ ಮೊದಲು ಎರಡು ವಿಷಯ ಕೇಳಿಟ್ಟುಕೊಳ್ಳುತ್ತೇನೆ. ಕೋಚ್ ಎಲ್ಲಿ ನಿಲ್ಲುತ್ತಾರೆ? ಇಲ್ಲಿವರೆಗಿನ ಬೆಸ್ಟ್ ಎಷ್ಟು? ಕೋಚ್ ಪಕ್ಕ ಕೂತರೆ ಆ ನೋಟ ಸೀದಾ ಲೆನ್ಸಿಗೇ ಬರುತ್ತದೆ. ಎರಡನೆಯದು ಇನ್ನೂ ಮುಖ್ಯ. ಒಂದು ಕೂಟದಲ್ಲಿ ಐದನೇ ಸ್ಥಾನ ಬಂದ ಹುಡುಗಿ ಮೊದಲ ಸಲ ಐದು ಮೀಟರ್ ದಾಟಿದ್ದಳು. "ಐದು ದಾಟ್ತಾ ಸರ್? ಖರೇನಾ?" ಅಂತ ಟೇಪ್ ಹಿಡಿದವರನ್ನು ಮತ್ತೆ ಮತ್ತೆ ಕೇಳಿ, ಮರಳು ಮೆತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಕುಣಿದಳು. ಗೆದ್ದವಳಿಗೆ ಅವತ್ತು ತನ್ನ ಎಂದಿನ ದೂರವೂ ಬಂದಿರಲಿಲ್ಲ, ಮೆಡಲ್ ಹಿಡಿದು ಸುಮ್ನೆ ನಕ್ಕಳು ಅಷ್ಟೇ. ತನ್ನ ಕೈಲಾದಷ್ಟನ್ನೂ ಪೂರ್ತಿ ಹೊರಗೆ ತಂದವರ ಮುಖ ಪಟ್ಟಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು, ನನಗೆ ಬೇಕಾದದ್ದು ಆ ಮುಖ.

ಇನ್ನು ನಮ್ಮೂರ ಬಿಸಿಲು. ಹತ್ತು ಗಂಟೆ ದಾಟಿದರೆ ಟ್ರ್ಯಾಕ್ ಮೇಲೆ ಬಿಸಿಗಾಳಿ ಅಲೆಅಲೆಯಾಗಿ ಏಳುತ್ತದೆ. ದೂರದಿಂದ ದೊಡ್ಡ ಲೆನ್ಸಲ್ಲಿ ಎಳೆದರೆ ಫೋಕಸ್ ಸರಿಯಿದ್ದರೂ ಚಿತ್ರ ಮಬ್ಬಾಗುತ್ತದೆ, ಎಷ್ಟು ದುಡ್ಡಿನ ಲೆನ್ಸಾದರೂ ಅಷ್ಟೇ. ಅನುಮತಿ ಕೇಳಿ ಹತ್ತಿರ ಹೋಗುವುದೊಂದೇ ದಾರಿ. 70-200 ಮಿ.ಮೀ. ಲೆನ್ಸ್ ಸಾಕು. ಜಿಗಿತಕ್ಕೆ ಶಟರ್ 1/1600 ಸೆಕೆಂಡ್, ಆಮೇಲೆ ಮುಖಕ್ಕೆ 1/800 ಆದರೂ ನಡೆಯುತ್ತದೆ. ನೆತ್ತಿ ಮೇಲಿನ ಬಿಸಿಲಿಗೆ ಫೋಟೊದಲ್ಲಿ ಕಣ್ಣುಗಳು ನೆರಳಲ್ಲಿ ಕಪ್ಪಾಗುತ್ತವೆ, ಹಾಗಾಗಿ ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಸ್ವಲ್ಪ ಜಾಸ್ತಿ ಇಡುತ್ತೇನೆ. ಆಕಾಶ ಬೆಳ್ಳಗಾದರೆ ಆಗಲಿ.

ಮಕ್ಕಳ ಫೋಟೊ ಮನೆಯವರನ್ನು ಕೇಳದೆ ಎಲ್ಲೂ ಹಾಕುವುದಿಲ್ಲ. ಪ್ರಿಂಟ್ ಮಾತ್ರ ಕೊಟ್ಟೇ ಕೊಡುತ್ತೇನೆ. ಆ ಹುಡುಗಿ ಪ್ರಿಂಟ್ ಕೈಗೆ ಬಂದ ಕೂಡಲೇ "ಅಣ್ಣಾ, ಎಷ್ಟು ಮೀಟರ್ ಅಂತ ಇದರ ಮೇಲೇ ಬರೆದುಕೊಡ್ರಿ" ಅಂದಳು. ಈಗ ಎಲ್ಲರ ಪ್ರಿಂಟ್ ಮೇಲೂ ದೂರ, ತಾರೀಖು ಎರಡನ್ನೂ ಬರೆದೇ ಕೊಡುತ್ತೇನೆ.