ಐಆರ್ ಬ್ಲಿಂಕರ್ ಸ್ಲೋ ಆಗಿದ್ದು ಸರಿ ಹೋಗಿದ್ದು ಹೀಗೆ

ಅಡಿಕೆ ತೋಟದಲ್ಲಿ ರಾತ್ರಿ ಓಡಾಡೋರು ನಮ್ಮವರೇನಾ ಅಂತ ಸಿಸಿಟಿವಿಲಿ ಗೊತ್ತಾಗ್ಲಿ, ಬರಿಗಣ್ಣಿಗೆ ಕಾಣಬಾರ್ದು ಅಂತ ಎಟಿಟೈನಿ85 ಅನ್ನೋ ಪುಟ್ಟ ಪ್ರೋಗ್ರಾಮೆಬಲ್ ಚಿಪ್‌ಗೆ 940 ನ್ಯಾನೋಮೀಟರ್ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ಹಾಕಿ, ಮೋರ್ಸ್ ಸಂಕೇತದಲ್ಲಿ ಒಂದು ಅಕ್ಷರ ಮಿನುಗಿಸೋ, ಟೋಪಿಗೆ ಸಿಗಿಸೋ ಬ್ಲಿಂಕರ್ ಮಾಡಿದ್ದೆ. ಕೋಡ್‌ನಲ್ಲಿ 200 ಮಿಲಿಸೆಕೆಂಡ್ ಇದ್ರೂ ಒಂದೊಂದು ಮಿನುಗು 1.6 ಸೆಕೆಂಡ್ ಉರೀತಿತ್ತು, ಆ ಅಕ್ಷರ ಮುಗಿಯೋದ್ರೊಳಗೆ ಆಳು ಕ್ಯಾಮೆರಾ ದಾಟಿಬಿಡ್ತಿದ್ದ.

ಬ್ಯಾಟರಿ, ಎಲ್‌ಇಡಿ, ಕೊನೆಗೆ ಚಿಪ್ಪನ್ನೂ ಬದಲಾಯಿಸ್ದೆ, ಊಹೂಂ.

ಸರಿಯಾಗಿ 8 ಪಟ್ಟು ನಿಧಾನ, ಅಲ್ಲೇ ಸುಳಿವು. ಕೋಡ್ ಕಂಪೈಲ್ ಆಗಿದ್ದು 8 ಮೆಗಾಹರ್ಟ್ಸ್‌ಗೆ, ಹೊಸ ಚಿಪ್ ಓಡೋದು 1ರಲ್ಲಿ, ಯಾಕಂದ್ರೆ ವೇಗ ನಿರ್ಧರಿಸೋ ಚಿಪ್‌ನೊಳಗಿನ ಸೆಟ್ಟಿಂಗ್ (ಲೋ ಫ್ಯೂಸ್) ಹೆಕ್ಸ್ 62 ಆಗಿರುತ್ತೆ. ಕೋಡ್ ಬರೆಯೋ ಆರ್ಡುಯಿನೋ ಸಾಫ್ಟ್‌ವೇರ್‌ನಲ್ಲಿ ಮೊದ್ಲು ಟೂಲ್ಸ್ ಮೆನುಲಿ ಕ್ಲಾಕ್ 8 ಮೆಗಾಹರ್ಟ್ಸ್ ಇಂಟರ್ನಲ್ ಆರಿಸಿ, ಆಮೇಲೆ ಬರ್ನ್ ಬೂಟ್‌ಲೋಡರ್ ಒತ್ತಿ, ಅದ್ರಿಂದ್ಲೇ ಫ್ಯೂಸ್ ಇ2 ಆಗೋದು, ಆಮೇಲೇ ಸ್ಕೆಚ್ (ಕೋಡ್) ಅಪ್‌ಲೋಡ್. ಎಕ್ಸ್‌ಟರ್ನಲ್ ಮಾತ್ರ ಆರಿಸ್ಬೇಡಿ, ಹೊರಗಿಂದ ಕ್ಲಾಕ್ ಕೊಡೋ ಕ್ರಿಸ್ಟಲ್ ಇಲ್ದಿದ್ರೆ ಆಮೇಲೆ ಅಪ್‌ಲೋಡೇ ಆಗಲ್ಲ.