ನಾಯಿಯೊಂದಿಗೆ ಕಡಲಿಗೆ: ಜಾಗ, ಹೊತ್ತು, ಹಗ್ಗ

ಕರಾವಳಿಯ ಹೋಮ್‌ಸ್ಟೇಗಳ ಜಾಹೀರಾತಿನಲ್ಲಿ ‘ಸಾಕುಪ್ರಾಣಿಗಳಿಗೆ ಸ್ವಾಗತ’ ಎಂಬ ಸಾಲು ಈಗ ಸಾಮಾನ್ಯವಾಗಿದೆ. ಆದರೆ ಆ ಸ್ವಾಗತ ಅಂಗಳದ ಗೇಟಿನವರೆಗೆ ಮಾತ್ರ. ಗೇಟು ದಾಟಿ ಮರಳಿಗೆ ಇಳಿದ ಮೇಲೆ ಅಲ್ಲಿನ ಯಜಮಾನರು ಬೇರೆ. ಬಲೆ ಎಳೆಯುವವರು, ಮೀನು ಒಣಗಿಸುವವರು, ಅವರ ಎಂಜಲಿನಲ್ಲಿ ಬದುಕುವ ಬೀದಿನಾಯಿಗಳು, ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳು, ಇವರೆಲ್ಲರ ಹಕ್ಕು ನಮ್ಮ ವಾರಾಂತ್ಯಕ್ಕಿಂತ ಹಳೆಯದು. ನಾಯಿಗಳಿಗೆಂದೇ ಮೀಸಲಿಟ್ಟ ಕಡಲತೀರಗಳ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲವಾದ್ದರಿಂದ, ಒಂದು ತೀರ ನಾಯಿಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಫಲಕದಿಂದ ತಿಳಿಯುವುದಿಲ್ಲ. ಡಿಸೆಂಬರಿನ ಬೆಳಿಗ್ಗೆ ಆರೂವರೆಗೆ ಹೇಳಿ ಮಾಡಿಸಿದಂತಿರುವ ತೀರವೇ ಭಾನುವಾರ ಸಂಜೆ ಐದಕ್ಕೆ ನಾಯಿಗೂ ಜನರಿಗೂ ಸಂಕಟವಾಗಬಲ್ಲದು.

ಮೊದಲು ಜಾಗ

ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಈ ಎರಡು ತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದವು. ನಾಯಿ ಮತ್ತಿತರ ಸಾಕುಪ್ರಾಣಿಗಳ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕೆಂಬುದು ಆ ಮಾನ್ಯತೆಯ ಷರತ್ತುಗಳಲ್ಲೊಂದು. ಹಾಗಾಗಿ ಸ್ವಚ್ಛವಾಗಿದೆ, ಸೌಕರ್ಯವಿದೆ ಎಂಬ ಕಾರಣಕ್ಕೆ ಇವನ್ನು ಆರಿಸಿಕೊಂಡು ಅಷ್ಟು ದೂರ ಹೋದರೆ ಬಾಗಿಲಲ್ಲೇ ನಿರಾಶೆಯಾಗುವ ಸಂಭವವಿದೆ. ಮಲ್ಪೆ, ಪಣಂಬೂರು, ಮುರ್ಡೇಶ್ವರಗಳಲ್ಲಿ ಜನಜಂಗುಳಿ ಮತ್ತು ತಿಂಡಿಗಾಡಿಗಳು ಹೆಚ್ಚು. ಸದ್ದಿಗೆ ಬೆದರುವ ನಾಯಿಗೆ ಅವು ಸಲ್ಲ. ಮರವಂತೆ ನೋಟಕ್ಕೆ ಚೆಲುವಾದರೂ ಅಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕೈಯಿಂದ ಜಾರಿದ ನಾಯಿ ಲಾರಿಗಳ ನಡುವೆ ಸಿಲುಕಲು ಹೆಚ್ಚು ಹೊತ್ತು ಬೇಡ.

ರಸ್ತೆಯಿಂದ ತುಸು ದೂರವಿದ್ದು, ಉದ್ದಕ್ಕೆ ಚಾಚಿಕೊಂಡು, ಮಧ್ಯೆ ಬಂಡೆ ಅಥವಾ ಕಲ್ಲಿನ ತಡೆಗೋಡೆ ಇಲ್ಲದ ಮರಳಪಟ್ಟಿ ಒಳ್ಳೆಯದು. ಮಲ್ಪೆಯ ದಕ್ಷಿಣಕ್ಕೆ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಹೊಳೆ ಮತ್ತು ಕಡಲಿನ ನಡುವೆ ಸಾಗುವ ಪಟ್ಟಿ ಇಂಥದ್ದು. ಅಲ್ಲಿಯೂ ಮನೆಗಳ ಮುಂದಿನ ಮರಳನ್ನು ಬಿಟ್ಟು, ಕೆಲಸದ ದಿನದ ಬೆಳಿಗ್ಗೆ ಹೋಗುವುದು ಲೇಸು. ಹೊಳೆ ಕಡಲನ್ನು ಸೇರುವ ಅಳಿವೆ ಬಾಗಿಲಿನ ಬಳಿ, ಅದು ಕೋಡಿ ಬೆಂಗ್ರೆಯಾಗಲಿ ಬೇರೆಡೆಯಾಗಲಿ, ನಾಯಿಯನ್ನು ನೀರಿಗಿಳಿಸಲೇಬಾರದು. ಮೇಲೆ ಶಾಂತವಾಗಿ ಕಾಣುವ ಆ ನೀರಿನಲ್ಲಿ ಇಳಿತದ ಹೊತ್ತಿಗೆ ಹೊಳೆಯ ಸೆಳೆತವೂ ಕಡಲಿನ ಸೆಳೆತವೂ ಒಂದೇ ದಿಕ್ಕಿಗೆ ಎಳೆಯುತ್ತವೆ.

ಜಾಗ ನಿಶ್ಚಯಿಸುವ ಮುನ್ನ ಉಳಿದುಕೊಳ್ಳುವ ಮನೆಯವರನ್ನು ಫೋನಿನಲ್ಲಿ ಮೂರು ಮಾತು ಕೇಳಬೇಕು: ನಾಯಿಯನ್ನು ಕೋಣೆಯೊಳಗೆ ಬಿಡುತ್ತಾರೆಯೇ, ಅವರದೇ ನಾಯಿ ಇದೆಯೇ, ಈಚೆಗೆ ಆ ತೀರದಲ್ಲಿ ಆಮೆ ಮೊಟ್ಟೆಯಿಟ್ಟಿದೆಯೇ. ಮೂರನೆಯದನ್ನು ಕೇಳುವವರು ಕಡಿಮೆ. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಕಾಸರಕೋಡು ಟೊಂಕ, ಕಾರವಾರದ ದೇವಬಾಗ ಮುಂತಾದ ಕಡೆ ರಾತ್ರಿ ದಡಕ್ಕೇರಿ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಆ ಮೊಟ್ಟೆಗಳ ದೊಡ್ಡ ಶತ್ರುಗಳಲ್ಲಿ ನಾಯಿಯೂ ಒಂದು. ಮರಳಿನ ಮೇಲೆ ಟ್ರ್ಯಾಕ್ಟರಿನ ಗಾಲಿಯಂತೆ ಎರಡೂ ಬದಿ ಗೀರಿದ ಹೆಜ್ಜೆಸಾಲು ನೀರಿನಿಂದ ಮೇಲಕ್ಕೆ ಹೋಗಿ ಮರಳಿದ್ದು ಕಂಡರೆ ಅಥವಾ ಬಲೆಯ ಬೇಲಿ ಕಂಡರೆ ನಾಯಿಯನ್ನು ಹಿಡಿದು ಬೇರೆ ದಿಕ್ಕಿಗೆ ನಡೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ ಅದು. ‘ನಾಯಿಗೆ ತಿಳಿಯದು’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಆಮೇಲೆ ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನಾಯಿಗೂ ಅಲ್ಲ, ನಮಗೂ ಅಲ್ಲ. ಯಾಂತ್ರೀಕೃತ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಹಿತಕರ. ಮಾರ್ಚ್ ದಾಟಿದರೆ ಕರಾವಳಿಯ ಸೆಕೆಗೆ ದಪ್ಪ ತುಪ್ಪಳದ ನಾಯಿಗಳು ತತ್ತರಿಸುತ್ತವೆ. ದಿನದಲ್ಲಿ ಬೆಳಕು ಹರಿದಾಗಿನಿಂದ ಎಂಟು, ಎಂಟೂವರೆಯವರೆಗೆ ಒಳ್ಳೆಯ ಹೊತ್ತು. ಅದು ಇಳಿತದ ಹೊತ್ತೂ ಆಗಿದ್ದರೆ ಇನ್ನೂ ಅನುಕೂಲ, ಏಕೆಂದರೆ ನೀರು ಹಿಂದೆ ಸರಿದಾಗ ಉಳಿಯುವ ಗಟ್ಟಿ ಒದ್ದೆ ಮರಳಿನ ಮೇಲೆ ಓಡುವುದು ಕೀಲುಗಳಿಗೆ ಸುಲಭ. ಒಣ ಮೆದು ಮರಳಿನಲ್ಲಿ ಓಡಿದರೆ ವಯಸ್ಸಾದ ಲ್ಯಾಬ್ರಡಾರ್ ಮರುದಿನ ಕುಂಟುತ್ತದೆ. ಉಬ್ಬರ ಇಳಿತಗಳು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅವುಗಳ ಏರಿಳಿತ ಹೆಚ್ಚು. ಲೆಕ್ಕ ಹಾಕುವ ತಾಳ್ಮೆ ಇಲ್ಲದವರು ಹಿಂದಿನ ಸಂಜೆ ದಡದಲ್ಲಿ ಬಲೆ ಹೊಲಿಯುತ್ತಿರುವವರನ್ನು ಕೇಳಿದರೆ ಸಾಕು.

ಹೊರಡುವ ಮುನ್ನ

ರೇಬಿಸ್ ಲಸಿಕೆ ವಾಯಿದೆಯೊಳಗಿರಬೇಕು, ಅದರ ಪುಸ್ತಕ ಜೊತೆಗಿರಬೇಕು. ಇಲಿಜ್ವರ ಕರಾವಳಿಯಲ್ಲಿ ಅಪರೂಪವಲ್ಲವಾದ್ದರಿಂದ ಆ ಲಸಿಕೆಯನ್ನೂ ಪಶುವೈದ್ಯರಲ್ಲಿ ವಿಚಾರಿಸಬೇಕು. ಲಸಿಕೆಗಳ ಸರಣಿ ಮುಗಿಯದ ಮರಿಯನ್ನು ಒಯ್ಯಲೇಬಾರದು. ಹತ್ತಾರು ಬೀದಿನಾಯಿಗಳು ಓಡಾಡುವ ಮರಳಿನಲ್ಲಿ ಮರಿಗಳಿಗೆ ಮಾರಕವಾಗಬಲ್ಲ ಪಾರ್ವೊ ವೈರಸ್ ಸೋಂಕಿನ ಭಯ ಸಣ್ಣದಲ್ಲ. ಜಂತುಹುಳುವಿನ ಔಷಧಿ ಕೊಟ್ಟಿರಬೇಕು. ಘಟ್ಟದ ಕಾಡುದಾರಿಯಲ್ಲಿ ಗಾಡಿ ನಿಲ್ಲಿಸುವ ಅಭ್ಯಾಸವಿರುವವರು ಉಣುಗಿನ ಔಷಧಿಯನ್ನು ಮರೆಯಬಾರದು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಬೇಸಿಗೆಗೆ ಮುನ್ನವೇ ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ, ಉಣುಗು ನಾಯಿಯ ಮೈಯೇರಿ ಕಾರಿನೊಳಗೆ ಬರುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೈಲಿನಲ್ಲಿ ಪ್ರಥಮ ದರ್ಜೆಯ ಕೂಪೆ ಅಥವಾ ಕ್ಯಾಬಿನ್ ಪೂರ್ತಿಯಾಗಿ ಸಿಕ್ಕರೆ ಮಾತ್ರ ನಾಯಿ ನಿಮ್ಮ ಜೊತೆ ಇರಬಹುದು, ಇಲ್ಲವಾದರೆ ಅದಕ್ಕೆ ಬ್ರೇಕ್ ವ್ಯಾನಿನ ಪೆಟ್ಟಿಗೆಯೇ ಗತಿ. ಆದ್ದರಿಂದ ಬಹುತೇಕರು ಕಾರನ್ನೇ ನೆಚ್ಚುತ್ತಾರೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಿರಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ತುಂಬಿದ ಹೊಟ್ಟೆ ಉಳಿಯುವುದಿಲ್ಲ.

ಮರಳಿಗೆ ಇಳಿದ ಮೇಲೆ

ಕಾರಿನಿಂದ ಇಳಿಯುವ ಮೊದಲೇ ಹಗ್ಗ ಕಟ್ಟಿರಬೇಕು. ಕುತ್ತಿಗೆಯ ಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಮೇಲು; ಅದಕ್ಕೆ ಎಂಟು ಹತ್ತು ಮೀಟರ್ ಉದ್ದದ ನೈಲಾನ್ ಹಗ್ಗ ಸಿಕ್ಕಿಸಿದರೆ ನಾಯಿಗೆ ಓಡಾಡಿದ ಸುಖವೂ ಸಿಗುತ್ತದೆ, ನಿಮ್ಮ ಹಿಡಿತವೂ ತಪ್ಪುವುದಿಲ್ಲ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ಮಾತನ್ನು ಮಾಲೀಕರನ್ನು ಬಿಟ್ಟು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಅಜಾಗರೂಕತೆಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಕಾಲಿಡುವ ಮೊದಲು ನಿಮ್ಮ ಅಂಗೈಯ ಹಿಂಬದಿಯನ್ನು ಮರಳಿನ ಮೇಲೆ ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳದು. ನಂತರ ಮೊದಲ ಹತ್ತು ನಿಮಿಷ ಆಟವಿಲ್ಲದೆ ನಡೆಸಿಕೊಂಡು ಹೋಗಿ ತೀರವನ್ನು ಓದಬೇಕು. ದಡದಿಂದಲೇ ಕೈಯಲ್ಲಿ ಎಳೆಯುವ ಕೈರಂಪಣಿ ಬಲೆ ಎಳೆದ ಜಾಗದಲ್ಲಿ ಬೇಡವಾದ ಮೀನು ಚೆಲ್ಲಿರುತ್ತದೆ. ಮೀಸೆಮೀನಿನ ಬೆನ್ನಿನ ಮುಳ್ಳು ಒಣಗಿ ಮರಳಿನಲ್ಲಿ ಸೂಜಿಯಂತೆ ನಿಂತಿರುತ್ತದೆ, ನಾಯಿಯ ಪಾದದ ಮೆತ್ತೆಯನ್ನು ಸೀಳಿಕೊಂಡು ಒಳಹೋದರೆ ಎಳೆದರೂ ಬರದು, ಅದರ ಅಂಚು ಗರಗಸದಂತಿರುತ್ತದೆ. ಮೈ ಉಬ್ಬಿಸಿಕೊಂಡು ಚೆಂಡಿನಂತೆ ಬಿದ್ದಿರುವ ಪಫರ್ ಮೀನು ನಾಯಿಯ ಕಣ್ಣಿಗೆ ಆಟಿಕೆ. ಅದರ ಒಳಾಂಗಗಳಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷಕ್ಕೆ ಪ್ರತಿಮದ್ದಿಲ್ಲ. ದಡಕ್ಕೆ ಬಿದ್ದ ಅಂಬಲಿಮೀನು (ಜೆಲ್ಲಿಫಿಶ್) ಸತ್ತ ಮೇಲೂ ಕುಟುಕುತ್ತದೆ. ಮೀನುಗಾಳ ಮತ್ತು ಹರಿದ ಬಲೆಯ ತುಂಡು ಎಲ್ಲ ಕಡೆಯೂ ಸಿಗುವಂಥವು. ಎಳನೀರಿನ ಸಿಪ್ಪೆ ನಿರುಪದ್ರವಿ ಎಂದು ತೋರಿದರೂ ಅದರ ನಾರನ್ನು ಅಗಿದು ನುಂಗಿದ ನಾಯಿಯ ಕರುಳು ಕಟ್ಟಿಕೊಳ್ಳಬಹುದು. ಇಷ್ಟನ್ನೂ ತಪ್ಪಿಸಲು ಒಂದೇ ಉಪಾಯ: ‘ಬಿಡು’ ಎಂದರೆ ಬಾಯಲ್ಲಿರುವುದನ್ನು ಬಿಡುವ ಅಭ್ಯಾಸವನ್ನು ಮನೆಯಲ್ಲೇ, ವಾರಗಳ ಮೊದಲೇ, ಬಿಸ್ಕೆಟ್ ತೋರಿಸಿ ಕಲಿಸಿರಬೇಕು.

ಹರಡಿದ ಬಲೆಯ ಮೇಲಾಗಲಿ ಒಣಮೀನಿನ ಚಾಪೆಯ ಹತ್ತಿರವಾಗಲಿ ನಾಯಿ ಕಾಲೆತ್ತಿದರೆ ಅಲ್ಲಿಯವರು ಬೈಯುವುದು ನ್ಯಾಯವೇ. ಅದು ಅವರ ಅಂದಿನ ದುಡಿಮೆ. ಬಲೆ ಎಳೆಯುವವರು ಕಂಡರೆ ನಿಂತು ‘ಅಣ್ಣಾ, ಈ ಕಡೆಯಿಂದ ನಾಯಿ ಕರೆದುಕೊಂಡು ಹೋಗಬಹುದಾ?’ ಎಂದು ಕೇಳಿದರೆ ದಾರಿಯನ್ನೂ ಹೇಳುತ್ತಾರೆ, ಎಲ್ಲಿ ಬೀದಿನಾಯಿಗಳ ಕಾಟವಿದೆ ಎಂಬುದನ್ನೂ ಹೇಳುತ್ತಾರೆ. ಆ ನಾಯಿಗಳ ಗುಂಪು ಎದುರಾದಾಗ ಓಡಬಾರದು, ಹಗ್ಗವನ್ನು ಬಿಗಿದು ಜಗ್ಗಬಾರದು. ಬಿಗಿದ ಹಗ್ಗ ನಿಮ್ಮ ನಾಯಿಯ ಗಾಬರಿಯನ್ನು ಹೆಚ್ಚಿಸುತ್ತದೆ. ಹಗ್ಗವನ್ನು ಗಿಡ್ಡ ಮಾಡಿಕೊಂಡು, ನೀವು ನಡುವೆ ನಿಂತು, ಬೆನ್ನು ತೋರಿಸದೆ ಓರೆಯಾಗಿ ದೂರ ಸರಿಯಬೇಕು.

ನೀರಿನಲ್ಲಿ

ಎಲ್ಲ ನಾಯಿಗಳಿಗೂ ಈಜು ಬರುತ್ತದೆ ಎಂಬುದು ತಪ್ಪು ನಂಬಿಕೆ. ಪಗ್, ಬುಲ್‌ಡಾಗ್, ಡ್ಯಾಶ್‌ಹಂಡ್‌ಗಳ ದೇಹದ ಕಟ್ಟೇ ಅದಕ್ಕೆ ಒಗ್ಗದು. ಅವಕ್ಕೆ ಲೈಫ್ ಜಾಕೆಟ್ ಇಲ್ಲದೆ ನೀರು ಪಾದ ಮುಳುಗುವಷ್ಟೇ ಸಾಕು. ಬೇರೆ ನಾಯಿಗಳನ್ನೂ ಎತ್ತಿ ಒಯ್ದು ಅಲೆಗೆ ಬಿಡಬಾರದು, ಅಲೆ ಬಂದು ಹೋಗುವ ಅಂಚಿನಲ್ಲಿ ನಡೆಸುತ್ತ ಅದಾಗಿಯೇ ಮುಂದೆ ಹೋಗಲು ಬಿಡಬೇಕು. ಎರಡು ಬಿಳಿ ನೊರೆಗಳ ನಡುವೆ ಅಲೆ ಒಡೆಯದೆ, ಕಲಕಿದ ಬಣ್ಣದಲ್ಲಿ ಕಾಣುವ ನೀರಿನ ಪಟ್ಟಿ ಸೆಳೆತದ ಗುರುತು. ಅಲ್ಲಿ ಸಿಕ್ಕಿಕೊಂಡ ನಾಯಿಯ ಹಿಂದೆ ಧುಮುಕುವುದಕ್ಕಿಂತ, ದಡದಲ್ಲಿ ಸೆಳೆತದಿಂದ ಪಕ್ಕಕ್ಕೆ ಓಡಿ ಅಲ್ಲಿಂದ ಕೂಗಿ ಕರೆಯುವುದು ಇಬ್ಬರಿಗೂ ಕ್ಷೇಮ.

ಉಪ್ಪುನೀರಿನ ಅಪಾಯವನ್ನು ಜನ ಲಘುವಾಗಿ ಎಣಿಸುತ್ತಾರೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಾಯಿ ಬೇಕೆಂದು ಕುಡಿಯದಿದ್ದರೂ, ಎಸೆದ ಚೆಂಡನ್ನು ಬಾಯಲ್ಲಿ ಹಿಡಿದು ತರುವಾಗ ಪ್ರತಿ ಸಲವೂ ಗುಟುಕು ಗುಟುಕಾಗಿ ಒಳಗೆ ಹೋಗುತ್ತದೆ. ಮೊದಲು ವಾಂತಿ, ಭೇದಿ. ಹೆಚ್ಚಾದರೆ ತೂರಾಟ, ನಡುಕ, ಸೆಳವು. ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ, ನೆರಳಿಗೆ ಕರೆದು, ಮನೆಯಿಂದ ತಂದ ಸಿಹಿನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಚೆಂಡಿನ ಬದಲು ತೇಲುವ ಹಗ್ಗದ ಆಟಿಕೆ ಬಳಸಿದರೆ ಬಾಯಿ ಪೂರ್ತಿ ತೆರೆಯುವುದಿಲ್ಲ, ಒದ್ದೆ ಮರಳೂ ಅಷ್ಟಾಗಿ ಅಂಟುವುದಿಲ್ಲ. ಮರಳು ನುಂಗುವುದೂ ಕರುಳಿಗೆ ಕೇಡು. ಏಡಿಯ ಬಿಲಕ್ಕೆ ಮೂತಿ ತುರುಕಿ ಬುಸುಗುಡುತ್ತ ಅಗೆಯುವ ನಾಯಿಯನ್ನು ನೋಡಿ ನಗು ಬರಬಹುದು, ಆದರೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ನಾಯಿಯ ಸಹಜ ಮೈಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು ಮುಖ್ಯವಾಗಿ ಏದುಸಿರಿನಿಂದಲೇ ಮೈ ತಣಿಸಿಕೊಳ್ಳುವುದರಿಂದ ಕರಾವಳಿಯ ತೇವದ ಗಾಳಿಯಲ್ಲಿ ಆ ಉಪಾಯ ಸೋಲುತ್ತದೆ. ನಾಲಿಗೆ ಗಾಢ ಕೆಂಪಾಗಿ, ಜೊಲ್ಲು ದಪ್ಪಗಾಗಿ, ನಡಿಗೆ ತಡವರಿಸಿದರೆ ಬಿಸಿಲಾಘಾತವೆಂದೇ ತಿಳಿಯಬೇಕು. ತಣ್ಣೀರನ್ನು ಹೊಟ್ಟೆ, ತೊಡೆಸಂದು, ಪಾದಗಳಿಗೆ ಹೊಯ್ದು ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಹೊರಡಿ. ಮೈಗೆ ಮಂಜುಗಡ್ಡೆ ಇಡಬೇಡಿ. ಹತ್ತಿರದ ಪಶು ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಹಿಂದಿನ ದಿನವೇ ಬರೆದಿಟ್ಟುಕೊಂಡಿರಬೇಕು.

ಮಲವನ್ನು ಚೀಲದಲ್ಲಿ ತೆಗೆದು ಹೊತ್ತು ತರಬೇಕು, ಮರಳಿನಲ್ಲಿ ಹೂಳಬಾರದು. ಕೊಕ್ಕೆಹುಳುವಿನ ಮರಿಗಳು ತೇವದ ಬೆಚ್ಚನೆಯ ಮರಳಿನಲ್ಲಿ ಬೆಳೆದು ಬರಿಗಾಲಿನವರ ಚರ್ಮದೊಳಗೆ ಹೊಗುತ್ತವೆ. ಅಲ್ಲಿ ದಿನವಿಡೀ ಬರಿಗಾಲಿನಲ್ಲಿರುವವರು ನಾವಲ್ಲ.

ಮರಳಿ ಬಂದ ಮೇಲೆ

ಉಪ್ಪು ಒಣಗುವ ಮೊದಲೇ ಸಿಹಿನೀರಿನಿಂದ ತೊಳೆಯಬೇಕು, ಬೆರಳುಸಂದು ಮತ್ತು ತೊಡೆಸಂದುಗಳನ್ನು ಬಿಡಬಾರದು. ಕಿವಿ ಜೋಲುವ ನಾಯಿಗಳ ಕಿವಿಯ ಒಳಮಡಿಕೆಯನ್ನು ಒಣ ಬಟ್ಟೆಯಿಂದ ಒರೆಸದಿದ್ದರೆ ನಾಲ್ಕೇ ದಿನದಲ್ಲಿ ಸೋರತೊಡಗುತ್ತದೆ. ಹಾರ್ನೆಸ್‌ನ ಕಬ್ಬಿಣದ ಕೊಂಡಿಯನ್ನೂ ತೊಳೆದು ಒಣಗಿಸಿ, ತುಕ್ಕು ಹಿಡಿದ ಕೊಂಡಿ ಮುಂದಿನ ಸಲ ಕೈಕೊಡುತ್ತದೆ. ಮರುದಿನದ ಮಲದಲ್ಲಿ ಸ್ವಲ್ಪ ಮರಳು ಕಂಡರೆ ಚಿಂತೆಯಿಲ್ಲ. ಮಲವೇ ಬಾರದೆ ವಾಂತಿಯಾಗುತ್ತಿದ್ದರೆ ಕಾಯದೆ ವೈದ್ಯರ ಬಳಿ ಹೋಗಬೇಕು. ಹೆಚ್ಚು ಈಜಿದ ಲ್ಯಾಬ್ರಡಾರ್ ಅಥವಾ ಬೀಗಲ್‌ನ ಬಾಲ ಮಾರನೆಯ ಬೆಳಿಗ್ಗೆ ಮುರಿದಂತೆ ನೇತಾಡುವುದುಂಟು. ಬಾಲದ ಬುಡದ ಸ್ನಾಯುಗಳು ದಣಿದು ಹೀಗಾಗುತ್ತದೆ. ಕೆಲವು ದಿನಗಳ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನೋವು ಹೆಚ್ಚೆನಿಸಿದರೆ ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡದೆ ಪಶುವೈದ್ಯರನ್ನೇ ಕೇಳಬೇಕು.